ತಾಂಡೂರಿನಿಂದ ಕಂಡ ಸಂಧ್ಯಾಕಿರಣಗಳು

ತಾಂಡೂರು,
ಭಾದ್ರಪದ ಮಾಸ

ಚಿರಂಜೀವಿ ತಮ್ಮನೆ,

1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಬೀದರ ಜಿಲ್ಲೆಗೆ ಸೇರಿದ್ದ ಜಹೀರಾಬಾದು, ನಾರಾಯಣಖೇಡಗಳನ್ನೂ ಕಲಬುರ್ಗಿ ಜಿಲ್ಲೆಯದಾಗಿದ್ದ ಈ ತಾಂಡೂರನ್ನೂ ಸುತ್ತುತ್ತ, ಇಂದಿಗೂ ಕನ್ನಡವನ್ನಾಡುವ ಮನೆಗಳ ಆದರವನ್ನುಂಡು, ಸಾಯಂಕಾಲಗಳನ್ನೆಲ್ಲ ಆಕಾಶದ ಛಾಯಾಚಿತ್ರಣಕ್ಕೆ ಮೀಸಲಿಟ್ಟೆನು.

ಜಹೀರಾಬಾದಿನ ಕೆಮ್ಮಣ್ಣಿನ ದಿಣ್ಣೆಗಳ ಮೇಲಿಂದ ಪಶ್ಚಿಮವು ನಿರಾತಂಕವಾಗಿ ಕಾಣುವುದು. ಸೂರ್ಯನು ಹುಮನಾಬಾದದ ಕಡೆಗೆ ಅಸ್ತಂಗತನಾದ ಬಳಿಕ, ಕ್ಷಿತಿಜದಾಚೆಯ ಕಾರ್ಮುಗಿಲುಗಳ ಸಂದುಗಳಿಂದ ಹೊಮ್ಮಿದ ಬೆಳಕು, ಗಾಳಿಯಲ್ಲಿನ ಧೂಳು ಮತ್ತು ಜಲಕಣಗಳ ಮೇಲೆ ಚದುರಿ, ಕಿರಣಗಳಾಗಿ ಗೋಚರಿಸುವುದು. ಅವುಗಳ ನಡುವಣ ಕಪ್ಪು ಪಟ್ಟಿಗಳಾದರೋ ಆ ಮುಗಿಲುಗಳದೇ ನೆರಳು. ಸುಮಾರು 15 ಕೋಟಿ ಕಿಲೋಮೀಟರು ದೂರದಿಂದ ಬರುವ ಈ ಕಿರಣಗಳು ವಸ್ತುತಃ ಸಮಾನಾಂತರವಾದವು. ತಾಂಡೂರು ನಿಲ್ದಾಣದಲ್ಲಿ ನಿಂತು ನೋಡಿದರೆ ವಾಡಿಯ ಕಡೆಗೆ ಹೋಗುವ ರೈಲುಹಳಿಗಳು ದೂರದಲ್ಲಿ ಕೂಡಿಕೊಂಡಂತೆ ತೋರುವ ಹಾಗೆ, ಇವೂ ಸೂರ್ಯನಲ್ಲಿ ಒಂದಾಗುವಂತೆ ಭಾಸವಾಗುವುದಷ್ಟೆ.

ಆದರೆ ನನ್ನ ಮನಸ್ಸನ್ನು ಸೆರೆಹಿಡಿದದ್ದು ನಾರಾಯಣಖೇಡದ ಎರೆಹೊಲಗಳಲ್ಲಿ, ಪಶ್ಚಿಮಕ್ಕೆ ಬೆನ್ನು ಮಾಡಿ ನಿಂತಾಗ ಕಂಡ ಪೂರ್ವದಿಕ್ಕು. ನೆತ್ತಿಯನ್ನು ದಾಟಿಹೋದ ಅವೇ ಕಿರಣಗಳು, ಸೂರ್ಯನಿಗೆ ನೇರ ಎದುರಿನ ಬಿಂದುವಿನೆಡೆಗೆ ಮತ್ತೆ ಕೂಡುತ್ತ, ಮಂದವಾದ ಗುಲಾಬಿ ಬಣ್ಣದಲ್ಲಿ ಇಳಿಯುತ್ತಿದ್ದವು. ಎಲ್ಲರೂ ಅಸ್ತಮಾನವನ್ನೇ ನೋಡುತ್ತಿರುವುದರಿಂದ ಈ ಪ್ರತಿಮುಖ ವೈಭವವು ಬಹುಮಂದಿಯ ಕಣ್ಣಿಗೆ ಬೀಳದೆ ಹೋಗುವುದು.

ಚಿತ್ರ ತೆಗೆಯುವ ಕ್ರಮವನ್ನು ಕೇಳಿದ್ದೆಯಲ್ಲವೆ? ಪಶ್ಚಿಮದಲ್ಲಿ ಆಕಾಶದ ಉಜ್ಜ್ವಲ ಭಾಗಕ್ಕೆ ಬೆಳಕನ್ನಳೆದು, ಅದಕ್ಕಿಂತ ತುಸು ಕಡಮೆ ಬೆಳಕನ್ನೇ ಒಳಬಿಡು. ನೆಲವು ಕಪ್ಪಾದರೂ ಚಿಂತೆಯಿಲ್ಲ, ಕಿರಣಗಳು ಸ್ಪಷ್ಟವಾಗಿ ಉಳಿಯುವುವು. ಪೂರ್ವದ ಕಿರಣಗಳು ಕ್ಷೀಣವಾದ್ದರಿಂದ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಅಗಲ ನೋಟದ ಮಸೂರವನ್ನು ಬಳಸು. ಅಸ್ತಮಾನವಾಗಿ ಸೂರ್ಯನು ಕ್ಷಿತಿಜಕ್ಕೆ 6 ಅಂಶ ಕೆಳಗಿಳಿಯಲು ಈ ಅಕ್ಷಾಂಶದಲ್ಲಿ ಸುಮಾರು 22 ನಿಮಿಷಗಳೇ ಸಾಕು. ಆದಕಾರಣ ಸ್ಥಳವನ್ನು ಮೊದಲೇ ಆರಿಸಿಕೊಂಡಿರಬೇಕು.

ನಿನ್ನೂರಾದ ಕಲಬುರ್ಗಿಯ ಮೇಲೆ ಕವಿದ ಮುಗಿಲಿನ ನೆರಳು ರಾಜ್ಯದ ಗಡಿಯನ್ನು ದಾಟಿ ತಾಂಡೂರಿನ ಬಾನಿನಲ್ಲಿ ಪಟ್ಟಿಯಾಗಿ ಬೀಳಬಲ್ಲದೆಂಬುದನ್ನು ನೆನೆದಾಗ ನನಗಾದ ಹರ್ಷವು ಅಪಾರವಾದುದು. ಮಳೆ ಬಿಟ್ಟ ಸಂಜೆಗಳಲ್ಲಿ ಮಾಳಿಗೆಯನ್ನೇರಿ, ಮೊದಲು ಪಶ್ಚಿಮವನ್ನು ನೋಡು, ಅನಂತರ ತಪ್ಪದೆ ಪೂರ್ವಕ್ಕೆ ತಿರುಗು. ಕಂಡುದನ್ನು ದಿನಾಂಕ, ವೇಳೆಗಳ ಸಹಿತ ನನಗೆ ಬರೆ.

ಇಂತು ನಿನ್ನ ಅಣ್ಣ