ಕಪ್ಪೆಯ ಮೈಮೇಲಿನ ಒಕ್ಕಲು

ಆಟಿ ತಿಂಗಳಲ್ಲಿ ಒಮ್ಮೆ ಮಳೆಯು ಎರಡು ದಿನ ಬಿಡುವು ಕೊಟ್ಟಿತು. ಪುತ್ತೂರು, ಸುಳ್ಯ, ಕಡಬದ ಕಡೆಯ ತೋಟದವರಿಗೆ ಅಂತಹ ಬಿಡುವು ಎಂದರೆ ವಿಶ್ರಾಂತಿಯಲ್ಲ, ಅಡಿಕೆಗೆ ಎರಡನೆಯ ಮದ್ದು ಬಿಡುವ ಅವಸರ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೆಲಸ ಮುಗಿದು ಕೆರೆಯ ಮೆಟ್ಟಿಲಲ್ಲಿ ಡ್ರಮ್ಮು ತೊಳೆದದ್ದೂ ಆಯಿತು. ನೀರು ಕೈಗೆಟಕುವಲ್ಲಿ ತೊಳೆಯುವುದು ನಮ್ಮಲ್ಲಿ ಮೊದಲಿನಿಂದಲೂ ಬಂದ ಪದ್ಧತಿ.

ಅಂದು ರಾತ್ರಿ ಮತ್ತೆ ಮಳೆ ಹಿಡಿಯಿತು. ಅಂಗಳದಲ್ಲಿ ಕಪ್ಪೆಯೊಂದನ್ನು ಹಿಡಿದು ಕೈಯೆಲ್ಲ ಲೋಳೆ ಮಾಡಿಕೊಂಡು ಬಂದ ಮೊಮ್ಮಗಳು ಕೇಳಿದಳು: “ಅಜ್ಜ, ನೆನೆದರೆ ಅಡಿಕೆಗೆ ಕೊಳೆರೋಗ ಬರುತ್ತದೆ ಅಂತೀರಿ. ಮಳೆಗಾಲವೆಲ್ಲ ನೆನೆಯುವ ಕಪ್ಪೆಗೆ ಯಾಕೆ ಬರುವುದಿಲ್ಲ?”

“ಕಪ್ಪೆ ಅಡಿಕೆಯಲ್ಲವಲ್ಲ ಮಗೂ, ಹೋಗಿ ಕೈ ತೊಳೆದುಕೋ” ಎಂದೆ. ನನ್ನ ಉತ್ತರಕ್ಕಿಂತ ಅವಳ ಪ್ರಶ್ನೆಯೇ ಎಷ್ಟೋ ಮೇಲಾಗಿತ್ತೆಂಬುದು ತಿಳಿಯಲು ನನಗೆ ಕೆಲವು ತಿಂಗಳು ಓದಬೇಕಾಯಿತು.

ಕೊಳೆರೋಗವನ್ನುಂಟುಮಾಡುವ ಫೈಟೋಫ್ತೊರ ಎಂಬ ಸೂಕ್ಷ್ಮಜೀವಿಯ ಬೀಜಕಣಗಳಿಗೆ ಬಾಲಗಳಿವೆ. ಮಳೆಯ ನೀರಿನಲ್ಲಿ ಅವು ಈಜುತ್ತವೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು 1910ರಲ್ಲಿಯೇ ಈ ರೋಗದ ಕುರಿತು ಗ್ರಂಥವನ್ನು ಪ್ರಕಟಿಸಿದ್ದನು. ಇನ್ನು ಕಪ್ಪೆಗೆ ಕೊಳೆ ಇಲ್ಲವೆಂದೆನಲ್ಲ, ಇದೆ. ಕಿಟ್ರಿಡ್ ಎಂಬ ಶಿಲೀಂಧ್ರ ಅದು; ಅದರ ಬೀಜಕಣವೂ ಬಾಲ ಬಡಿದು ನೀರಿನಲ್ಲಿ ಈಜಿಯೇ ಬರುತ್ತದೆ. ವಂಶದಲ್ಲಿ ಇವೆರಡೂ ಬೇರೆ ಬೇರೆ. ನಡತೆಯಲ್ಲಿ ಮಾತ್ರ ಅಣ್ಣತಮ್ಮಂದಿರು. ಕಪ್ಪೆಯು ನೀರನ್ನು ಬಾಯಿಯಿಂದ ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಾಟದಲ್ಲಿಯೂ ಚರ್ಮಕ್ಕೆ ಪಾಲಿದೆ. ಈ ರೋಗವು ಹಿಡಿಯುವುದು ಆ ಚರ್ಮವನ್ನೇ. ರಕ್ತದ ಲವಣಗಳು ಕುಗ್ಗಿ ಕೊನೆಗೆ ಹೃದಯವು ನಿಲ್ಲುತ್ತದೆ. 1999ರಲ್ಲಿ ಹೆಸರು ಪಡೆದ ಈ ಶಿಲೀಂಧ್ರದಿಂದ ಲೋಕದಲ್ಲಿ 501 ಜಾತಿಯ ಉಭಯಚರಗಳು ಕ್ಷೀಣಿಸಿರುವುವೆಂದೂ, ಅವುಗಳಲ್ಲಿ 90 ಜಾತಿಗಳು ಅಳಿದೇ ಹೋಗಿರಬೇಕೆಂದೂ 2019ರಲ್ಲಿ ಲೆಕ್ಕ ಹಾಕಿದರು.

ಹಾಗಾದರೆ ಉಳಿದವುಗಳು ಉಳಿದದ್ದು ಹೇಗೆ? ಕಾರಣಗಳು ಹಲವು, ಅವುಗಳಲ್ಲೊಂದು ಮೊಮ್ಮಗಳ ಕೈಗೆ ಅಂಟಿದ್ದ ಆ ಲೋಳೆಯಲ್ಲಿತ್ತು. ಲೋಳೆಯನ್ನು ಉಂಡು ಬಾಳುವ ಅಸಂಖ್ಯ ಬ್ಯಾಕ್ಟೀರಿಯಗಳು ಕಪ್ಪೆಯ ಮೈಮೇಲೆ ಒಕ್ಕಲಿವೆ. ಅವುಗಳಲ್ಲಿ ಕೆಲವು ಶಿಲೀಂಧ್ರವನ್ನು ಕೊಲ್ಲುವ ವಸ್ತುಗಳನ್ನು ತಯಾರಿಸುತ್ತವೆ. ಎಂದರೆ ಕಪ್ಪೆಗೆ ನೆಲವೂ ಅನ್ನವೂ ಕೊಡುವ ಧನಿಯ ಸ್ಥಾನ. ಒಕ್ಕಲು ಕೊಡುವ ಗೇಣಿ ಮದ್ದು. ಮದ್ದು ಬಿಡುವವರಿಗೆ ಕೂಲಿ ಕೊಟ್ಟು ಬಲ್ಲವರಿಗೆ ಈ ಗೇಣಿಯ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಜಾಂಥಿನೊಬ್ಯಾಕ್ಟೀರಿಯಂ ಎಂಬ ಒಕ್ಕಲೊಂದಿದೆ. ಅದರ ಮದ್ದಿಗೆ ನೇರಳೆಹಣ್ಣಿನ ಬಣ್ಣ. ಕ್ಯಾಲಿಫೋರ್ನಿಯದ ಹಳದಿ ಕಾಲಿನ ಬೆಟ್ಟಗಪ್ಪೆಗಳಿಗೆ ಇದನ್ನು ಹಚ್ಚಿ ಅನಂತರ ರೋಗವನ್ನು ತಾಗಿಸಿದರು. ಹಚ್ಚಿದವು ಉಳಿದುವು, ಹಚ್ಚದವುಗಳಲ್ಲಿ ರೋಗವೂ ಮರಣವೂ ಕಂಡುಬಂದುವು. ಇದು 2009ರ ಮಾತು. ಇನ್ನೇನು ಮದ್ದು ದೊರಕಿತೆಂದು ಪನಾಮದ ಚಿನ್ನದ ಕಪ್ಪೆಗೂ ಅದನ್ನೇ ಹಚ್ಚಿದರೆ, ಕೆಲವು ವಾರಗಳಲ್ಲಿ ಒಕ್ಕಲು ಇಳಿದುಹೋಯಿತು, ಕಪ್ಪೆಗಳು ಸತ್ತುವು. ನಮ್ಮ ಜಿಲ್ಲೆಯಲ್ಲಿ ಹಿಂದೆ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯಿದ್ದುದು ಹಿರಿಯರಿಗೆ ನೆನಪಿರಬಹುದು. 1974ರ ಭೂಸುಧಾರಣೆಯೊಂದಿಗೆ ಗದ್ದೆತೋಟಗಳ ಗೇಣಿಯ ಕಾಲ ಮುಗಿಯಿತು. ಕಪ್ಪೆಯ ಮೈಮೇಲೆ ಮಾತ್ರ ಆ ಭೇದವು ಇಂದಿಗೂ ಉಂಟು. ತಂದು ಕೂರಿಸಿದ ಚಾಲಗೇಣಿಯವನು ಎಂದಾದರೂ ಎದ್ದು ಹೋಗುತ್ತಾನೆ. ಆಯಾ ಜಾತಿಯ ಕಪ್ಪೆಗೂ ಆಯಾ ನೀರಿಗೂ ಮಣ್ಣಿಗೂ ಒಗ್ಗಿದ ಮೂಲಗೇಣಿಯವರೇ ಬೇರೆ.

ಪಶ್ಚಿಮ ಘಟ್ಟದ ಕೇರಳಭಾಗದ ಕಪ್ಪೆಗಳಲ್ಲಿ ಕಿಟ್ರಿಡ್ ಇರುವುದು 2011ರಲ್ಲಿ ವರದಿಯಾಯಿತು. ಆದರೆ ಪನಾಮ, ಆಸ್ಟ್ರೇಲಿಯಗಳಲ್ಲಿ ಆದಂತಹ ಸಾಮೂಹಿಕ ಮರಣ ನಮ್ಮ ಘಟ್ಟದಲ್ಲಿ ಕಂಡುಬಂದಿಲ್ಲ. ರೋಗವೂ ಇಲ್ಲಿಯದೇ, ಕಪ್ಪೆಯೂ ಇಲ್ಲಿಯದೇ, ಒಕ್ಕಲೂ ಇಲ್ಲಿಯದೇ ಎಂಬ ಹಳೆಯ ಹೊಂದಾಣಿಕೆಯೊಂದು ಇದರ ಹಿಂದೆ ಇರಬೇಕೆಂದು ನನ್ನ ಊಹೆ.

ಈಗ ಡ್ರಮ್ಮಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕೆರೆಗೆ ಬಾಗಿದ ಗಿಡವೊಂದರ ಎಲೆಗಳಲ್ಲಿ ಹಾರುವ ಹಸಿರುಕಪ್ಪೆಗಳು ವರ್ಷವೂ ನೊರೆಯ ಗೂಡು ಕಟ್ಟುತ್ತವೆ. ಒಂದು ವಾರದ ಹೊತ್ತಿಗೆ ಗೊದಮೊಟ್ಟೆಗಳು ಗೂಡಿನಿಂದ ಕೆಳಗಿನ ನೀರಿಗೆ ಉದುರುತ್ತವೆ. ಆ ವರ್ಷ ಉದುರಿದವು ಡ್ರಮ್ಮು ತೊಳೆದ ನೀರಿಗೆ. ಮೂರನೆಯ ದಿನ ಮೊಮ್ಮಗಳು ನನ್ನ ಕೈಹಿಡಿದು ಕರೆದೊಯ್ದು ತೋರಿಸಿದಳು: ಮೆಟ್ಟಿಲ ಬಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಕರಿಯ ಚುಕ್ಕೆಗಳು. “ಮಳೆ ಜೋರಾಯಿತಲ್ಲ” ಎಂದುಬಿಟ್ಟೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ನನಗೂ ಗೊತ್ತಿರಲಿಲ್ಲ.

ತಾಮ್ರವು ಗೊದಮೊಟ್ಟೆಗೆ ವಿಷ, ಅಲ್ಪ ಪ್ರಮಾಣದಲ್ಲಿಯೂ. ಅದಲ್ಲದೆ, ತಾಮ್ರದ ತಂಬಿಗೆಯಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವವರು ನಾವು. ತಾಮ್ರವು ನೀರಿನ ಬ್ಯಾಕ್ಟೀರಿಯಗಳನ್ನು ಕೊಲ್ಲುವುದೇ ಆ ರೂಢಿಯ ಗುಟ್ಟು. ಕೊಲ್ಲುವಾಗ ಒಕ್ಕಲು ಯಾರು, ಕಳ್ಳ ಯಾರು ಎಂದು ಅದು ವಿಚಾರಿಸುವುದಿಲ್ಲ. ಮದ್ದು ಬಿಡದೆ ಇರಲು ನನ್ನಿಂದಾಗದು. ಒಂದು ಮಳೆಗಾಲದ ಮಹಾಳಿಯು ಇಡೀ ವರ್ಷದ ಅನ್ನವನ್ನು ಉದುರಿಸಬಲ್ಲದು. ಡ್ರಮ್ಮು ತೊಳೆಯುವ ಜಾಗವನ್ನಾದರೂ ಬದಲಾಯಿಸಬಹುದಲ್ಲವೇ? ಈಗ ಕೊಡಗಳಲ್ಲಿ ನೀರು ಹೊತ್ತು, ಕೆರೆಗೂ ತೋಡಿಗೂ ದೂರವಾದ ಮೇಲಿನ ತಟ್ಟಿನಲ್ಲಿ ತೊಳೆಯುತ್ತೇವೆ. ಕೆಲಸದವರು ಗೊಣಗುತ್ತಾರೆ, ಅದೂ ನ್ಯಾಯವೇ. ಅದಕ್ಕಾಗಿ ಎರಡು ಕೊಡಗಳನ್ನು ನಾನೂ ಹೊರುತ್ತೇನೆ.

ಇದನ್ನು ಕಂಡು ನಮ್ಮ ಮನೆಯವಳು ಹೇಳಿದ್ದು ಇಷ್ಟು: “ಕೆರೆಯ ನೀರು ದನ ಕುಡಿಯುತ್ತದೆ, ಅಲ್ಲಿ ತೊಳೆಯಬೇಡಿ ಎಂದು ಮೂವತ್ತು ವರ್ಷದಿಂದ ಹೇಳಿದೆ. ಆಗ ಕೇಳದವರು ಈಗ ಕಪ್ಪೆಯ ಮಾತು ಕೇಳಿದಿರಲ್ಲ!”