ಎರಡು ಹೊಳೆಗಳ ನಡುವೆ ಒಂದು ಇರುಳು

ಹುಬ್ಬಳ್ಳಿಯಿಂದ ಹೊರಟು, ಯಲ್ಲಾಪುರವನ್ನು ದಾಟಿ, ಅರಬೈಲು ಘಟ್ಟವನ್ನಿಳಿದು ಬರುವ ಹೆದ್ದಾರಿಯು ಕಡಲ ತಡಿಯ ಹೆದ್ದಾರಿಯನ್ನು ಕೂಡುವ ಸ್ಥಳವೇ ಬಾಳೆಗುಳಿ. ಅಂಕೋಲೆಯ ಪೇಟೆಗೆ ಸಮೀಪದ ಈ ಕೂಡುರಸ್ತೆಯನ್ನು ಬಸ್ಸಿನ ಕಿಟಕಿಯಿಂದ ಕಂಡವರೇ ಹೆಚ್ಚು. ಇಳಿದು ನೋಡಿದವರು ಕಡಿಮೆ. ಬಲಕ್ಕೆ ಹೊರಳಿದರೆ ಕಾರವಾರ, ಗೋವಾ; ಎಡಕ್ಕೆ ಹೊರಳಿದರೆ ಗೋಕರ್ಣ, ಮಂಗಳೂರು. 2010ಕ್ಕೆ ಮುಂಚೆ ಹೊಸಪೇಟೆಯ ಕಡೆಯಿಂದ ಬೇಲೇಕೇರಿ ಬಂದರಿಗೆ ಅದಿರು ಹೊತ್ತು ಹೋಗುತ್ತಿದ್ದ ಲಾರಿಗಳ ಸಾಲಿಗೆ ಇದೇ ದಾರಿಯಾಗಿತ್ತು. ಅದಿರು ನಿಂತಿತು, ಲಾರಿಗಳು ನಿಲ್ಲಲಿಲ್ಲ. ಇಂಥ ರಸ್ತೆಯಲ್ಲಿ ಹತ್ತು ಹನ್ನೆರಡು ಮಂದಿಯನ್ನು ಕೂಡಿಕೊಂಡು ಇರುಳಿಡೀ ಸೈಕಲ್ ತುಳಿಯುವುದೆಂದರೆ ಅದು ವಿಹಾರವೂ ಹೌದು, ಹೊಣೆಯೂ ಹೌದು.

ದ್ವೀಪವೊಂದನ್ನು ಸೈಕಲ್ಲಿನ ಮೇಲೆ ಸುತ್ತಿಬರುವುದು ಪೂರ್ವದೇಶಗಳಲ್ಲಿ ಜನಪ್ರಿಯವಾದ ಸಾಹಸ. ಸಿಂಗಪುರದ ಸವಾರರು ಬಿಸಿಲಿಗೂ ವಾಹನಸಂದಣಿಗೂ ಅಂಜಿ ರಾತ್ರಿಯಲ್ಲೇ ತಮ್ಮ ದ್ವೀಪವನ್ನು ಬಳಸುವುದುಂಟು. ತೈವಾನಿನಲ್ಲಿ ದ್ವೀಪವನ್ನು ಸುತ್ತುವ ಸೈಕಲ್ ಮಾರ್ಗವು 900 ಕಿ.ಮೀ.ಗೂ ಉದ್ದವಾಗಿದೆ. ಕಾರವಾರದ ಮುಂದಿನ ಕಡಲಲ್ಲಿಯೂ ದ್ವೀಪಗಳುಂಟು. ಆದರೆ ಕೂರ್ಮಗಡ, ದೇವಗಡಗಳು ದೋಣಿಗೆ ಒಲಿಯುವಂಥವು, ಸೈಕಲ್ಲಿಗಲ್ಲ. ಹಾಗಾದರೆ ಬಾಳೆಗುಳಿಯ ಸವಾರನಿಗೆ ದ್ವೀಪವೆಲ್ಲಿ?

ಅವನು ನಿಂತಿರುವ ನೆಲವೇ ಒಂದು ಬಗೆಯ ದ್ವೀಪ. ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಗಂಗಾವಳಿ, ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿಯ ಗೋಡೆ. ಬೇಸಗೆಯಲ್ಲಿ ಈ ಮಾತು ಕವಿಕಲ್ಪನೆಯೆಂದು ತೋರಬಹುದು. ಮಳೆಗಾಲದಲ್ಲಿ ಅದು ನಿಜವಾಗುತ್ತದೆ. 2024ರ ಜುಲೈ 16ರ ಬೆಳಿಗ್ಗೆ ಗಂಗಾವಳಿಯ ದಂಡೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿತು. ದಾರಿಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿಗೂ ಹೊಳೆಗೂ ಪಾಲಾದವು. ಹಲವರು ಪ್ರಾಣ ಕಳೆದುಕೊಂಡರು. ಉಕ್ಕಿದ ನೀರು ಎದುರು ದಂಡೆಯ ಉಳುವರೆಯ ಮನೆಗಳನ್ನೂ ಬಡಿಯಿತು. ಕೇರಳದ ಲಾರಿಯೊಂದು ಹೊಳೆಯೊಳಗಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ. ಇತ್ತ ಆಗಸ್ಟ್ 7ರ ನಡುರಾತ್ರಿ ಕಾಳಿಯ ಮೇಲಿನ, ಸುಮಾರು 40 ವರ್ಷದ ಹಳೆಯ ಸೇತುವೆ ಮುರಿದುಬಿತ್ತು. ಅದರೊಡನೆ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿಕೊಂಡರು. ಮಗ್ಗುಲಿನ ಹೊಸ ಸೇತುವೆ ಉಳಿಯಿತು. ಸುಮಾರು ಮೂರು ವಾರಗಳಲ್ಲಿ ಈ ನೆಲದ ಎರಡು ಬಾಗಿಲುಗಳೂ ಅಲುಗಿದ್ದವು.

ಆದುದರಿಂದ ಇಲ್ಲಿ ತಂಡವನ್ನು ನಡೆಸುವ ಮುಂದಾಳು ಮೊದಲು ಅರಿಯಬೇಕಾದುದು ಸೈಕಲ್ಲನ್ನಲ್ಲ, ಋತುವನ್ನು. ಆಷಾಢ ಶ್ರಾವಣಗಳು ಈ ಯಾತ್ರೆಗೆ ವರ್ಜ್ಯ. ಕಾರ್ತಿಕದಿಂದ ಮಾಘದವರೆಗಿನ ಹುಣ್ಣಿಮೆಯ ಆಸುಪಾಸಿನ ರಾತ್ರಿಗಳೇ ಪ್ರಶಸ್ತ. ಹಗಲಿನ ಸೆಕೆ ಇಳಿದಿರುತ್ತದೆ. ಬೆಳುದಿಂಗಳಲ್ಲಿ ರಸ್ತೆಯ ಅಂಚು ಕಾಣುತ್ತದೆ. ಎರಡನೆಯದಾಗಿ ಅರಿಯಬೇಕಾದುದು ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವನನ್ನು. ತಂಡದ ವೇಗವೆಂದರೆ ಅವನ ವೇಗ. ಹುರುಪಿನ ತರುಣರನ್ನು ಮುಂದೆ ಬಿಟ್ಟರೆ ಅರ್ಧ ಗಂಟೆಯೊಳಗೆ ಒಂದು ತಂಡ ಮೂರಾಗುತ್ತದೆ. ಹಿಂದುಳಿದವನ ಕಣ್ಣಿಗೆ ಮುಂದಿನ ಕೆಂಪು ದೀಪ ಕಾಣದಾಗುತ್ತದೆ. ಆ ಬಳಿಕ ಅವನು ಹೆದ್ದಾರಿಯ ಮೇಲೆ ಒಂಟಿ. ಬಲ್ಲ ಮುಂದಾಳು ದಾರಿ ತಿಳಿದ ಒಬ್ಬನನ್ನು ಮುಂದಿರಿಸಿ, ಗಾಳಿಪಂಪು, ಟ್ಯೂಬು, ಪಂಕ್ಚರಿನ ಸಾಮಾನುಗಳೊಡನೆ ತಾನು ಕೊನೆಯಲ್ಲಿ ಉಳಿಯುತ್ತಾನೆ. ನಿಂತಲ್ಲೆಲ್ಲ ತಲೆ ಎಣಿಸುತ್ತಾನೆ. ಲೆಕ್ಕ ತುಂಬದೆ ಯಾರೂ ಪೆಡಲಿನ ಮೇಲೆ ಕಾಲಿಡುವಂತಿಲ್ಲ.

ಸಂಜೆಯ ಬೆಳಕಿರುವಾಗಲೇ ತಂಡವು ಬಾಳೆಗುಳಿಯಿಂದ ತೆಂಕಣಕ್ಕೆ ಹೋಗಿ ಗಂಗಾವಳಿಯ ದರ್ಶನ ಮಾಡಿ ಮರಳುವುದು ಲೇಸು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆಯಿರುವ ಶಿರೂರಿನ ಇಕ್ಕಟ್ಟನ್ನು ಕತ್ತಲಲ್ಲಿ ಹಾಯಬಾರದು. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಬಾಳೆಗುಳಿಗೆ ಹಿಂತಿರುಗಿ ಊಟ ಮುಗಿಸುವ ಹೊತ್ತಿಗೆ ಸಹ್ಯಾದ್ರಿಯ ಮೇಲೆ ಚಂದ್ರನೇರಿರುತ್ತಾನೆ. ಅಲ್ಲಿಂದ ಬಡಗಣದ ಪಯಣ. ಹೋಗಿಬರುವ ದಾರಿಯೆಲ್ಲ ಸೇರಿದರೂ ನೂರು ಕಿಲೋಮೀಟರಿನ ಒಳಗೇ. ಗಂಟೆಗೆ ಹನ್ನೆರಡರಂತೆ ತುಳಿದರೂ ಬೆಳಗಾಗುವುದರೊಳಗೆ ಮುಗಿಯುವ ಮಾರ್ಗ.

ಅಂಕೋಲೆ ಆಗಲೇ ಬಾಗಿಲು ಹಾಕಿರುತ್ತದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಊರಿದು. ಅವರ್ಸಾ ದಾಟಿದ ಮೇಲೆ ಗದ್ದೆಯ ತಂಪು, ತೆಂಗಿನ ನೆರಳು, ಗಾಳಿಯಲ್ಲಿ ಒಣಮೀನಿನ ವಾಸನೆ. ಅಮದಳ್ಳಿ, ಚೆಂಡಿಯೆಗಳ ಏರಿಳಿತಗಳಲ್ಲಿ ಉಸಿರು ಬಿಗಿಯುತ್ತದೆ. ಅರ್ಗಾದ ಬಳಿ ನೌಕಾದಳದ ಉದ್ದನೆಯ ಗೋಡೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ ಇದೇ. ಅದರ ಆಚೆಗಿರುವ ಅಂಜುದೀವ್ ಹೆಸರಿಗೆ ದ್ವೀಪವಾದರೂ, ಅಲೆತಡೆಗೋಡೆಯೊಂದು ಅದನ್ನು ನೆಲಕ್ಕೆ ಹೆಣೆದುಬಿಟ್ಟಿದೆ. ದ್ವೀಪ ನೆಲವಾಗುವುದೂ ನೆಲ ದ್ವೀಪವಾಗುವುದೂ ಈ ಒಂದೇ ತಾಲ್ಲೂಕುಗಳ ಅಂಚಿನಲ್ಲಿ ನಡೆದಿರುವುದು ವಿಚಿತ್ರವೇ ಸರಿ. ಬಿಣಗಾದ ಮುಂದಿನ ಸುರಂಗದಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಲಾರಿಯ ಸದ್ದು ಗೋಡೆಗೆ ಬಡಿದು ಹತ್ತಾಗುವುದರಿಂದ ಅದು ಎಷ್ಟು ದೂರದಲ್ಲಿದೆಯೆಂದು ಕಿವಿಗೆ ತಿಳಿಯುವುದಿಲ್ಲ.

ಕಾರವಾರದ ಕಡಲ ದಂಡೆಯಲ್ಲಿ ವಿಶ್ರಾಂತಿ. 1883ರಲ್ಲಿ, ಇಪ್ಪತ್ತೆರಡರ ಪ್ರಾಯದ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದರು. ಅವರೂ ಸಂಗಡಿಗರೂ ಒಂದು ಬೆಳುದಿಂಗಳ ರಾತ್ರಿ ಕಾಳಿಯಲ್ಲಿ ದೋಣಿಯೇರಿ ಹೋಗಿ, ಅಳಿವೆಯಲ್ಲಿ ಇಳಿದು, ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ಅಂದು ಹೊಳೆಗೆ ಸೇತುವೆಯಿರಲಿಲ್ಲ. ಇಂದಿನ ತಂಡವು ಕೋಡಿಬಾಗದಲ್ಲಿ ನಿಂತು ಅದೇ ಹೊಳೆಯನ್ನು ನೋಡುತ್ತದೆ. ದಾಟುವ ಆಸೆ ಎಲ್ಲರಿಗೂ ಆಗುತ್ತದೆ. ಅಲ್ಲಿಂದಲೇ ತಿರುಗಬೇಕೆಂದು ಹೇಳುವ ಕಟುತನ ಮುಂದಾಳಿಗಿರಬೇಕು. ಏಕೆಂದರೆ ನಿಜವಾದ ಪರೀಕ್ಷೆ ಇನ್ನು ಮುಂದೆ.

ಬೆಳಗಿನ ಜಾವದ ಮೂರು ಗಂಟೆ ಸೈಕಲ್ ಸವಾರನಿಗೂ ಲಾರಿ ಚಾಲಕನಿಗೂ ಒಂದೇ ತೆರನಾದ ಶತ್ರು. ಹೋಗುವಾಗ ಹಾಡಿದ್ದವರು ಈಗ ಮೌನಿಗಳು. ತುಳಿಯುತ್ತಿರುವಾಗಲೇ ರೆಪ್ಪೆ ಮುಚ್ಚುತ್ತದೆ. ಸೈಕಲ್ಲು ತಾನಾಗಿ ರಸ್ತೆಯ ನಡುವಿಗೆ ವಾಲುತ್ತದೆ. ಕೊನೆಯಲ್ಲಿರುವವನಿಗೆ ಇದು ಮೊದಲು ಕಾಣುತ್ತದೆ: ಸಾಲಿನ ಕೆಂಪು ದೀಪಗಳಲ್ಲಿ ಒಂದು ತೂಗಾಡತೊಡಗುತ್ತದೆ. ಆಗ ಅವನು ಹೆಸರು ಹಿಡಿದು ಕೂಗುತ್ತಾನೆ, ಎಲ್ಲರನ್ನೂ ಇಳಿಸುತ್ತಾನೆ. ಚಹಾದಂಗಡಿ ಸಿಕ್ಕಿದರೆ ಚಹಾ. ಇಲ್ಲದಿದ್ದರೆ ಮುಖಕ್ಕೆ ತಣ್ಣೀರು, ಹತ್ತು ನಿಮಿಷ ನಡಿಗೆ. ಅವಸರವೆಂದು ಗೊಣಗುವವರಿಗೆ ಅವನಲ್ಲಿ ಉತ್ತರವಿರುವುದಿಲ್ಲ, ಎಣಿಕೆಯೊಂದಿರುತ್ತದೆ.

ಚಂದ್ರ ಬಲಗಡೆ ಕಡಲಿನತ್ತ ಇಳಿದಂತೆ ಅಂಕೋಲೆ ಎಚ್ಚರಗೊಳ್ಳುತ್ತದೆ. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ತರಕಾರಿಯ ಬುಟ್ಟಿ ಹೊತ್ತು ಪೇಟೆಗೆ ನಡೆದಿರುತ್ತಾರೆ. ಬಾಳೆಗುಳಿಯಲ್ಲಿ ಘಟ್ಟವಿಳಿದು ಬಂದ ಲಾರಿಗಳ ಸಾಲು, ದೋಸೆಯ ಕಾವಲಿಯ ಸದ್ದು. ಎಲ್ಲರೂ ಬೆಂಚು ಹಿಡಿದು ಕುಳಿತ ಮೇಲೆ ಮುಂದಾಳು ಕೊನೆಯ ಸಲ ತಲೆ ಎಣಿಸುತ್ತಾನೆ. ಹೊರಟಷ್ಟೇ ಮಂದಿ ಮರಳಿದ್ದಾರೆ. ಎರಡು ಹೊಳೆಗಳ ನಡುವಿನ ಈ ನೆಲದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾವ ಯಾತ್ರೆಯೂ ಬೇಡಬೇಕಾಗಿಲ್ಲ.