ಮತ್ತೊಮ್ಮೆ ಕೇಳುವುದು

ಹಾಲು ಉಕ್ಕುವ ಹೊತ್ತಿಗೇ ಕರೆಗಂಟೆ ಬಾರಿಸುವುದು, ಆಗಲೇ ಕುಕ್ಕರ್ ಕೂಗುವುದು, ಒಳಗೆ ಮಗು ರಾಗ ತೆಗೆಯುವುದು. ಇದು ಯಾರ ಮನೆಯಲ್ಲಿಲ್ಲ ಹೇಳಿ? ಯಾವುದಕ್ಕೆ ಮೊದಲು ಓಡಬೇಕೆಂದು ನಮಗೆ ಯಾರೂ ಕಲಿಸಲಿಲ್ಲ. ಕಂಪ್ಯೂಟರಿಗೆ ಮಾತ್ರ ಅದಕ್ಕೆಂದೇ ಒಬ್ಬ ಗುಮಾಸ್ತನಿದ್ದಾನಂತೆ!

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಚಳ್ಳಕೆರೆಗೆ ಬಂದರೂ ಲ್ಯಾಪ್‌ಟಾಪ್ ಬಿಟ್ಟು ಏಳುವುದಿಲ್ಲ. "ಅದೇನು ಮಾಡ್ತೀಯೇ ಅಷ್ಟೊತ್ತು?" ಎಂದು ಕೇಳಿದ್ದಕ್ಕೆ ಈ ಗುಮಾಸ್ತನ ಕಥೆ ಹೇಳಿದಳು. 1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ ಕಂಪನಿಯ 8259 ಎಂಬ ಚಿಪ್ ಇತ್ತು. ಎಂಟು ತಂತಿಗಳಿಂದ ಬರುವ ಕರೆಗಳನ್ನು ಅದು ಸಾಲಾಗಿ ನಿಲ್ಲಿಸಿ, ತುರ್ತಿನದನ್ನು ಮೊದಲು ಪ್ರೊಸೆಸರಿಗೆ ಮುಟ್ಟಿಸುತ್ತಿತ್ತು. ಗಡಿಯಾರದ ಕರೆಗೆ ಮೊದಲ ಮಣೆ, ಕೀಲಿಮಣೆಯದಕ್ಕೆ ಎರಡನೆಯದು. ಪ್ರೊಸೆಸರು ಕೈಯಲ್ಲಿದ್ದ ಕೆಲಸಕ್ಕೆ ಗುರುತಿಟ್ಟು, ಕರೆದವರನ್ನು ವಿಚಾರಿಸಿ, ಗುಮಾಸ್ತನಿಗೆ "ಆಯಿತು" ಎಂದು ತಿಳಿಸಿ, ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮೊಳಕಾಲ್ಮೂರಿನಲ್ಲಿರುವ ನಮ್ಮ ದೊಡ್ಡಮ್ಮ ರೇಷ್ಮೆ ಎಳೆ ಹರಿದಾಗ ಲಾಳಿ ನಿಲ್ಲಿಸಿ, ಗಂಟು ಹಾಕಿ, ಅಂಚಿನ ಲೆಕ್ಕ ತಪ್ಪದೆ ಮತ್ತೆ ನೇಯುತ್ತಾಳಲ್ಲ, ಹಾಗೆ.

ಮಗಳದು ಹೈಪರ್‌ವೈಸರ್ ಕೆಲಸ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದೆಯೆಂದು ನಂಬಿಸುವ ತಂತ್ರಾಂಶ ಅದು. 2007ರಲ್ಲಿ ಲಿನಕ್ಸ್‌ಗೆ ಸೇರಿದ ಕೆವಿಎಂ ಈ ಜಾತಿಯದೇ. ಅಲ್ಲಿ ಗುಮಾಸ್ತನೂ ಬಯಲಾಟದ ವೇಷದವನು. ಚಿಪ್ ಅಲ್ಲ, ಬರೀ ಬರಹ.

"ಮತ್ತೆ ವೇಷ ಎಲ್ಲಿ ಕೆಟ್ಟಿತು?" ಎಂದೆ.

"ಅಮ್ಮ, ಕರೆ ಎರಡು ಥರ. ಕರೆಗಂಟೆ ಒಂದು ಸಲ ಬಾರಿಸಿ ಸುಮ್ಮನಾಗುತ್ತೆ. ಮಗು ಹಸಿವು ತೀರೋವರೆಗೂ ಅಳುತ್ತೆ. ಎರಡನೇ ಥರದ್ದಾದರೆ 'ಆಯಿತು' ಅಂದಮೇಲೂ ಅಳು ನಿಂತಿದೆಯಾ ಅಂತ ನೋಡಬೇಕು. ನಿಂತಿಲ್ಲದಿದ್ದರೆ ಮತ್ತೆ ಕರೆ ಮುಟ್ಟಿಸಬೇಕು. ನಮ್ಮ ಗುಮಾಸ್ತ ಅದನ್ನ ನೋಡ್ತಾನೇ ಇರಲಿಲ್ಲ."

ಹೀಗಾಗಿ ಅತ್ತ ಸಾಧನ ಕರೆಯುತ್ತಲೇ ಇತ್ತು, ಇತ್ತ ಒಳಗಿನ ಕಂಪ್ಯೂಟರು ಕರೆ ಬಂದೀತೆಂದು ಕಾಯುತ್ತಲೇ ಇತ್ತು. ಇಬ್ಬರದೂ ತಪ್ಪಿಲ್ಲ, ಕೆಲಸ ಮಾತ್ರ ಕಲ್ಲಾಗಿ ಕೂತಿತ್ತು. ಕಾರಣ ಹುಡುಕಲು ಮೂರು ವಾರ ಹಿಡಿಯಿತಂತೆ. ತಿದ್ದಿದ್ದು ನಾಲ್ಕೇ ಸಾಲು.

ಅವಳು ಮಲಗಿದ ಮೇಲೂ ಈ ಮಾತು ನನ್ನನ್ನು ಬಿಡಲಿಲ್ಲ. ಮನೆಗಳಲ್ಲಿಯೂ ನಡೆಯುವುದು ಇದೇ ಅಲ್ಲವೇ? ದೊಡ್ಡಮ್ಮ ಗುಂಡಿಮಗ್ಗದಲ್ಲಿ ಕೂತು ಕೂತು ಸೊಂಟ ಹಿಡಿದಿದೆ ಎಂದು ಒಮ್ಮೆ ಹೇಳಿದ್ದಳು. ಮನೆಯವರು ಮುಲಾಮು ತಂದುಕೊಟ್ಟರು. ಅವರ ಲೆಕ್ಕದಲ್ಲಿ ಅಲ್ಲಿಗೆ ಆಯಿತು. ನೋವು ಕರೆಯುತ್ತಲೇ ಇತ್ತು. ಹೆಂಗಸರು ಒಂದೇ ವಿಷಯವನ್ನು ಎರಡನೆಯ ಸಲ ಹೇಳಿದರೆ ಅದಕ್ಕೆ ಗೊಣಗಾಟವೆಂದು ಹೆಸರು. ಹಾಗಾಗಿ ಅವಳೂ ಹೇಳಲಿಲ್ಲ.

ಹಬ್ಬಕ್ಕೆ ಮೊಳಕಾಲ್ಮೂರಿಗೆ ಹೋದಾಗ ಅವಳು ಮಗ್ಗದಲ್ಲೇ ಇದ್ದಳು. "ದೊಡ್ಡಮ್ಮಾ, ಆ ಸೊಂಟನೋವು ಈಗ ಹೇಗಿದೆ?" ಎಂದೆ. ಲಾಳಿ ನಿಂತಿತು. ಎಳೆಯೇನೂ ಹರಿದಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಕೂತ್ಕೋ, ಹೇಳ್ತೀನಿ" ಎಂದಳು.